ಶ್ರವಣ ನಕ್ಷತ್ರದ ಫೋಟೋ ಖರೇ ಏನು?

ನಾನು ಐಟಿಯವಳು, ಖಗೋಳ ವಿಜ್ಞಾನಿಯಲ್ಲ. ಎಂಟೆಕ್‌ನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದಿ, ಹತ್ತು ವರ್ಷದಿಂದ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಇವತ್ತಿನ ಮಾತಿಗೆ ಕಾರಣ ನಮ್ಮ ಅವ್ವ ಕೇಳಿದ ಒಂದು ಪ್ರಶ್ನೆ.

ಮಗಳನ್ನು ಕರೆದುಕೊಂಡು ನಾರಾಯಣಗಾಂವ್ ಹತ್ತಿರದ ಖೋಡದ್‌ಗೆ ಹೋಗಿದ್ದೆವು. ಅಲ್ಲಿನ ಜಿಎಂಆರ್‌ಟಿಯ 30 ಡಿಶ್‌ಗಳು ಸುಮಾರು 25 ಕಿಲೋಮೀಟರ್ ಹರವಿನಲ್ಲಿ ನಿಂತು ಒಂದೇ ಟೆಲಿಸ್ಕೋಪಿನ ಹಾಗೆ ಕೆಲಸ ಮಾಡುತ್ತವೆ. ಅವು ಹಿಡಿಯುವುದು ರೇಡಿಯೊ ಅಲೆ. ಬೆಳಕಿನ ಅಲೆಯಲ್ಲೂ ಹೀಗೆ ಮಾಡಬಹುದು ಎಂದು ಮನೆಗೆ ಬಂದು ಮಗಳಿಗೆ ಒಂದು ಚಿತ್ರ ತೋರಿಸಿದೆ. ಶ್ರವಣ ನಕ್ಷತ್ರ, ಅಂದರೆ ಆಲ್ಟೇರ್. ಅವ್ವ ಕನ್ನಡಕ ಏರಿಸಿಕೊಂಡು ನೋಡಿ, "ಖರೇ ಫೋಟೋ ಏನವ್ವಾ ಇದು, ಇಲ್ಲಾ ಕಂಪ್ಯೂಟರ್‌ದಾಗ ನೀವ ಮಾಡಿದ್ದೋ?" ಅಂದರು.

ಥಟ್ಟನೆ ಉತ್ತರ ಹೊಳೆಯಲಿಲ್ಲ. ಹೌದು ಅಂದರೂ ಅರ್ಧ ಸುಳ್ಳು, ಅಲ್ಲ ಅಂದರೂ ಅರ್ಧ ಸುಳ್ಳು.

ಶ್ರವಣ ನಮಗೆ ಸುಮಾರು 17 ಜ್ಯೋತಿರ್ವರ್ಷ ದೂರ. ಇಲ್ಲಿಂದ ಅದರ ಅಗಲ ಎಷ್ಟು ಕಾಣುತ್ತದೆ ಗೊತ್ತೇ? ಹತ್ತು ರೂಪಾಯಿ ನಾಣ್ಯವನ್ನು ಸುಮಾರು 1,800 ಕಿಲೋಮೀಟರ್ ಆಚೆ ಇಟ್ಟಷ್ಟು. 10 ಮೀಟರ್ ಕನ್ನಡಿಯ ಟೆಲಿಸ್ಕೋಪಿಗೂ ಅದು ಚುಕ್ಕಿಯೇ. ಇನ್ನೂ ಸಣ್ಣದನ್ನು ನೋಡಬೇಕಾದರೆ ಕನ್ನಡಿ ಇನ್ನೂ ಅಗಲವಾಗಬೇಕು. ಅಷ್ಟು ದೊಡ್ಡದನ್ನು ಮಾಡಲಾಗದು. ಆದರೆ ಅದರ ಎರಡು ಅಂಚುಗಳಲ್ಲಿ ಎರಡು ಸಣ್ಣ ಕನ್ನಡಿ ಇಟ್ಟು ಬೆಳಕನ್ನು ಕೂಡಿಸಬಹುದು. ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟದಲ್ಲಿ 1920ರಲ್ಲೇ ಮೈಕೆಲ್‌ಸನ್ ಮತ್ತು ಪೀಸ್ ಹೀಗೆ ಆರ್ದ್ರಾ ನಕ್ಷತ್ರದ ಅಗಲ ಅಳೆದರು. ಈಗ ಅದೇ ಬೆಟ್ಟದಲ್ಲಿ 'ಚಾರಾ' ಇದೆ: ಒಂದೊಂದು ಮೀಟರಿನ ಆರು ಟೆಲಿಸ್ಕೋಪ್, ಅತಿ ದೂರದ ಎರಡರ ನಡುವೆ ಸುಮಾರು 330 ಮೀಟರ್.

ಬೆಳಕಿನ ಅಲೆ ಎಷ್ಟು ಚುರುಕೆಂದರೆ, ರೇಡಿಯೊ ಅಲೆಯ ಹಾಗೆ ಅದನ್ನು ನೇರವಾಗಿ ದಾಖಲಿಸಿಕೊಂಡು ಆಮೇಲೆ ಕೂಡಿಸಲಾಗದು. ಬೆಳಕನ್ನೇ ಗಾಳಿ ತೆಗೆದ ಕೊಳವೆಗಳಲ್ಲಿ ಒಂದು ಕೋಣೆಗೆ ತರಬೇಕು. ಭೂಮಿ ತಿರುಗುತ್ತಿರುವುದರಿಂದ ಒಂದು ದಾರಿ ಉದ್ದವಾಗುತ್ತಾ, ಇನ್ನೊಂದು ಗಿಡ್ಡವಾಗುತ್ತಾ ಹೋಗುತ್ತದೆ. ಅದನ್ನು ಸರಿದೂಗಿಸಲು ಹಳಿಗಳ ಮೇಲೆ ಕನ್ನಡಿಯ ಗಾಡಿಗಳು ರಾತ್ರಿಯಿಡೀ ಓಡುತ್ತವೆ, ಮೈಕ್ರಾನಿಗೂ ಸೂಕ್ಷ್ಮ ಲೆಕ್ಕದಲ್ಲಿ. (ನಮ್ಮ ಆಫೀಸಿನಲ್ಲಿ ಎರಡು ಸರ್ವರ್‌ಗಳ ಗಡಿಯಾರ ಹೊಂದಿಸಲು ನಾವು ಪಡುವ ಪಾಡು ನೆನಪಾಯಿತು!) ಎರಡೂ ಸರಿಯಾಗಿ ಕೂಡಿದರೆ ಕಪ್ಪು-ಬಿಳಿ ಪಟ್ಟೆಗಳು ಮೂಡುತ್ತವೆ.

ಗಮನಿಸಿ, ಮೂಡುವುದು ಪಟ್ಟೆ, ಚಿತ್ರವಲ್ಲ. ಟೆಲಿಸ್ಕೋಪಿನ ಒಂದೊಂದು ಜೋಡಿ ಚಿತ್ರದ ಒಂದೊಂದು ತುಣುಕು ಮಾಹಿತಿ ಕೊಡುತ್ತದೆ. ನಾನು ಓದಿ ಮರೆತಿದ್ದ ಫೂರಿಯೇ ಗಣಿತವೇ ಇದು. ಕೆಲವು ತುಣುಕು ಸಿಗುವುದೇ ಇಲ್ಲ. ಆ ಖಾಲಿಯನ್ನು ಕಂಪ್ಯೂಟರ್ ತುಂಬುತ್ತದೆ, "ನಕ್ಷತ್ರ ಸುಮಾರು ಹೀಗಿರಬಹುದು" ಎಂಬ ಊಹೆ ಇಟ್ಟುಕೊಂಡು. ಅವ್ವನ ಅನುಮಾನ ಸರಿಯಾದ ಜಾಗಕ್ಕೇ ತಾಗಿತ್ತು.

ಹಾಗಾದರೆ ನಂಬುವುದು ಹೇಗೆ? 2007ರಲ್ಲಿ ಜಾನ್ ಮೊನಿಯರ್ ತಂಡ ಈ ಚಿತ್ರ ಪ್ರಕಟಿಸಿದಾಗ, ಅದೇ ಅಳತೆಗಳಿಗೆ ಭೌತಶಾಸ್ತ್ರದ ಮಾದರಿಯನ್ನೂ ಬೇರೆಯಾಗಿ ಹೊಂದಿಸಿ ನೋಡಿತ್ತು. ಎರಡರಲ್ಲೂ ನಕ್ಷತ್ರ ಉಂಡೆಯಲ್ಲ, ಒತ್ತಿದ ಲಾಡು. ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವ ರಭಸಕ್ಕೆ ನಡು ಉಬ್ಬಿದೆ, ನಡು ಭಾಗ ತಂಪಾಗಿ ಮಂಕಾಗಿದೆ. ಆದರೆ ಹಳೆಯ ಸಿದ್ಧಾಂತ ಹೇಳಿದ್ದಕ್ಕಿಂತಲೂ ಹೆಚ್ಚು ಮಂಕು! ನನ್ನನ್ನು ಒಪ್ಪಿಸಿದ್ದು ಇದೇ. ಬರೀ ಊಹೆಯೇ ತುಂಬಿದ್ದರೆ ಸಿದ್ಧಾಂತಕ್ಕೆ ತಕ್ಕ ಚಿತ್ರವೇ ಬರಬೇಕಿತ್ತಲ್ಲ? ಮುಂದೆ 2016ರಲ್ಲಿ ರೇಚಲ್ ರೋಟೆನ್‌ಬಾಕರ್ ಎಂಬ ಮಹಿಳೆಯ ತಂಡ ಚಾರಾದಿಂದಲೇ ಇನ್ನೊಂದು ನಕ್ಷತ್ರದ ಮೈಮೇಲಿನ ಕಲೆಗಳನ್ನೂ ತೋರಿಸಿತು.

ಅವ್ವನಿಗೆ ಹೀಗೆ ಹೇಳಿದೆ: "ಅವ್ವಾ, ಅಳತಿ ಖರೇ. ಚಿತ್ರ ಆ ಅಳತಿಯಿಂದ ಕಟ್ಟಿದ್ದು. ನಡುವು ಉಬ್ಬಿದ್ದು ಖರೇ, ಸಣ್ಣ ಸಣ್ಣ ಕಲಿ ಕಂಡ್ರ ಅದನ್ನ ನಂಬಬ್ಯಾಡ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶ್ರಾವಣದಾಗ ಬರೇ ಮೋಡ. ಈ ನಕ್ಷತ್ರ ನಾ ಎಂದೂ ನೋಡೇ ಇಲ್ಲ" ಅಂದರು. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಮೂವರೂ ಟೆರೇಸಿಗೆ ಹೋದೆವು. ಸಾಲಾಗಿ ಮೂರು ಚುಕ್ಕಿ, ನಡುವಿನದ್ದು ಜೋರು ಬೆಳಕು. ಮೊದಲು ಗುರುತಿಸಿದವರು ಅವ್ವನೇ.