ಕ್ರೋಟನ್: ಬಣ್ಣ ಉಳಿದರೆ ಬೆಲೆ



ವರ್ಷವಿಡೀ ಹಳದಿ, ಕೆಂಪು, ಹಸಿರು ಎಲೆಗಳಿಂದ ಅಂಗಳವನ್ನು ತುಂಬುವ ಗಿಡ ಕ್ರೋಟನ್. ಇಂಡೋನೇಷ್ಯಾ, ಮಲೇಷ್ಯಾ ಹಾಗೂ ಪೆಸಿಫಿಕ್ ದ್ವೀಪಗಳು ಇದರ ತವರು. ಇದನ್ನು ಹೂವಿಗಾಗಿ ಯಾರೂ ಕೊಳ್ಳುವುದಿಲ್ಲ. ಎಲೆಯ ಬಣ್ಣವೇ ಇದರ ಫಸಲು. ಬಣ್ಣ ಮಾಸಿದರೆ ಸಸಿ ಬೆಳೆದು ಮಾರುವವರಿಗೆ ನಷ್ಟ ತಪ್ಪದು.

ಬಣ್ಣ ಮಾಸಲು ಮುಖ್ಯ ಕಾರಣ ನೆರಳು. ದಟ್ಟ ನೆರಳಿನಲ್ಲಿ ಹೊಸ ಎಲೆಗಳು ಹಸಿರಾಗಿಯೇ ಬರುತ್ತವೆ. ದಿನಕ್ಕೆ 4-5 ಗಂಟೆ ಬಿಸಿಲು ಬೀಳುವ ಜಾಗ ಉತ್ತಮ. ಆದರೆ ನೆರಳಿನ ಸಸಿಯನ್ನು ಒಮ್ಮೆಲೇ ಕಡುಬಿಸಿಲಿಗೆ ಇಡಬಾರದು. ಎಲೆ ಸುಟ್ಟು ಉದುರುತ್ತದೆ. ಎರಡು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಒಗ್ಗಿಸಬೇಕು.

ಬಿಸಿಲಿದ್ದರೂ ಬಣ್ಣದ ಗಿಡದಲ್ಲಿ ಕೆಲವೊಮ್ಮೆ ಪೂರ್ತಿ ಹಸಿರಾದ ರೆಂಬೆ ಮೂಡುತ್ತದೆ. ಹಸಿರು ಎಲೆಯಲ್ಲಿ ಪತ್ರಹರಿತ್ತು ಹೆಚ್ಚು. ಆಹಾರ ತಯಾರಿಕೆಯೂ ಹೆಚ್ಚು. ಹೀಗಾಗಿ ಆ ರೆಂಬೆ ಬೇಗ ಬೆಳೆದು ಬಣ್ಣದ ರೆಂಬೆಗಳನ್ನು ಹಿಂದಿಕ್ಕುತ್ತದೆ. ಕಂಡ ಕೂಡಲೇ ಅದನ್ನು ಬುಡಸಹಿತ ಕತ್ತರಿಸಿರಿ.

ಬೀಜದಿಂದ ಬೆಳೆಸಿದ ಸಸಿಗಳಲ್ಲಿ ತಾಯಿಗಿಡದ ಬಣ್ಣ ಹಾಗೆಯೇ ಬರುವುದಿಲ್ಲ. ಆದ್ದರಿಂದ ಮಾರಾಟಕ್ಕೆ ಕಡ್ಡಿ ಅಥವಾ ಗೂಟಿಯೇ ಸರಿ. ಮಳೆಗಾಲದ ಆರಂಭದಲ್ಲಿ, ಚೆನ್ನಾಗಿ ಬಣ್ಣ ಬಂದ ರೆಂಬೆಯ ತುದಿಯಿಂದ 10-15 ಸೆಂ.ಮೀ. ಉದ್ದದ ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒಸರುವ ಹಾಲು ಆರಿದ ಮೇಲೆ ತೇವದ ಮರಳಿನಲ್ಲಿ ನೆಡಿರಿ. ನೆರಳಿನಲ್ಲಿಟ್ಟರೆ 4ರಿಂದ 6 ವಾರಗಳಲ್ಲಿ ಬೇರು ಬರುತ್ತದೆ. ಗೂಟಿಗೆ ಪೆನ್ಸಿಲ್ ದಪ್ಪದ ರೆಂಬೆಯಲ್ಲಿ 2.5 ಸೆಂ.ಮೀ. ಅಗಲ ಸುತ್ತಲೂ ತೊಗಟೆ ತೆಗೆದು, ಒದ್ದೆ ಪಾಚಿ ಮುಚ್ಚಿ, ಪಾಲಿಥೀನ್ ಹಾಳೆ ಸುತ್ತಿ, ಎರಡೂ ತುದಿ ಬಿಗಿಯಾಗಿ ಕಟ್ಟಬೇಕು. ಹಾಳೆಯೊಳಗೆ ಬೇರು ಕಂಡಾಗ ಬೇರ್ಪಡಿಸಿರಿ.

ಕುಂಡಕ್ಕೆ ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಭಾಗ ಸಾಕು. ಮೇಲ್ಮಣ್ಣು ಆರಿದಾಗ ಮಾತ್ರ ನೀರು ಕೊಡಿರಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ಕೆಂಪು ನುಸಿ ತಡೆಯಲು ಎಲೆಯ ಅಡಿಭಾಗಕ್ಕೂ ನೀರು ಚಿಮುಕಿಸಿರಿ. ಹಿಟ್ಟು ತಿಗಣೆ ಕಂಡರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಿಂಪಡಿಸಿರಿ.

ಒಂದು ಎಚ್ಚರಿಕೆ: ಗಿಡದ ಹಾಲು ಚರ್ಮಕ್ಕೆ ತುರಿಕೆ, ಕಣ್ಣಿಗೆ ಉರಿ ತರುತ್ತದೆ; ಎಲೆ ತಿಂದರೆ ಹೊಟ್ಟೆ ಕೆಡುತ್ತದೆ. ಸವರುವಾಗ ಕೈಗವಸು ಧರಿಸಿ. ಸವರಿದ ರೆಂಬೆಗಳನ್ನು ಮಕ್ಕಳಿಗೂ ದನಕರುಗಳಿಗೂ ಸಿಗದಂತೆ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿರಿ.

ಮನೆಯ ಹಿತ್ತಲಿನ ನಾಲ್ಕು ಒಳ್ಳೆಯ ತಾಯಿಗಿಡಗಳಿಂದಲೇ ಸಣ್ಣ ಸಸ್ಯಕ್ಷೇತ್ರ ಆರಂಭಿಸಬಹುದು. ಬಣ್ಣದ ರೆಂಬೆಯನ್ನೇ ಆರಿಸಿ, ಹಸಿರು ರೆಂಬೆಯನ್ನು ಸವರಿ, ಬಿಸಿಲು ಕೊಡಿರಿ. ಸಸಿಗೆ ತಕ್ಕ ಬೆಲೆ ಪಡೆಯಿರಿ.