ಆಫೀಸಿನ ಡೇಟಾಬೇಸಿಗೆ ಒಂದಿಷ್ಟು ನಗು

(ಮಹಿಳಾ ವಿಭಾಗದ ಅರಿಶಿನ ಕುಂಕುಮ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



“ನಿಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಿ, ಆದರೆ ಬೋರ್ ಹೊಡೆಸಬೇಡಿ” ಎಂದು ಕಾರ್ಯದರ್ಶಿಯವರು ಫೋನಿನಲ್ಲೇ ಷರತ್ತು ಹಾಕಿದ್ದಾರೆ. ನನ್ನ ಕೆಲಸವೋ ಡೇಟಾಬೇಸ್. ಆ ಪದ ಕೇಳಿದ ಕೂಡಲೇ ಎದುರಿಗಿದ್ದವರ ಕೈ ಮೊಬೈಲಿನ ಕಡೆಗೆ ಹೋಗುತ್ತದೆ, ಇದು ನನ್ನ ಅನುಭವ. ಅದಕ್ಕೇ ಇವತ್ತು, ಆಫೀಸಿನ ಡೇಟಾಬೇಸಿನಲ್ಲಿ ನಾನು ತಮಾಷೆ ತುಂಬಲು ಹೋದ ಕಥೆ ಹೇಳುತ್ತೇನೆ. ನಗಿಸಲು ಹೋಗಿ ಒಬ್ಬರನ್ನು ಅಳಿಸಿದ್ದೂ ಇದರಲ್ಲಿ ಇದೆ.

ಡೇಟಾಬೇಸ್ ಎಂದರೆ ಹೆದರಬೇಕಾದದ್ದೇನಲ್ಲ. ನಮ್ಮ ಸಂಘದ ಸದಸ್ಯರ ಹೆಸರು, ವಿಳಾಸ, ವಂತಿಗೆ ಕಟ್ಟಿದ ತಾರೀಖು ಇವೆಲ್ಲ ಹಿಂದೆ ದಪ್ಪ ರಿಜಿಸ್ಟರಿನಲ್ಲಿ ಇರುತ್ತಿದ್ದವಲ್ಲ, ಅದನ್ನೇ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಇಟ್ಟರೆ ಡೇಟಾಬೇಸ್. 2003ರ ಸುಮಾರಿಗೆ ನಾನು ಮುಂಬಯಿಯ ಒಂದು ಆಫೀಸಿನ ಪ್ರಾವಿಡೆಂಟ್ ಫಂಡ್ ವಿಭಾಗದಲ್ಲಿದ್ದೆ. ದುಬಾರಿ ಸಾಫ್ಟ್‌ವೇರ್ ಕೊಳ್ಳಲು ಮೇಲಿನವರು ಒಪ್ಪಲಿಲ್ಲ. ಮೈಕ್ರೋಸಾಫ್ಟಿನ ಆಕ್ಸೆಸ್ ಎಂಬುದು 1992ರಿಂದಲೂ ಇತ್ತು, ನಮ್ಮ ಕಂಪ್ಯೂಟರಿನಲ್ಲಿ ಆಗಲೇ ಹಾಕಿಯೂ ಇತ್ತು. ಒಂದು ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನಾನೇ ಒಂದು ಪ್ರೋಗ್ರಾಂ ಕಟ್ಟಿದೆ. ಅದನ್ನು ದಿನವಿಡೀ ಬಳಸುವವರು ನಾಲ್ವರು ಹೆಂಗಸರು. ಅವರಲ್ಲಿ ಹಿರಿಯರನ್ನು ನಾವೆಲ್ಲ ‘ತಾಯಿ’ ಎನ್ನುತ್ತಿದ್ದೆವು. ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ನನ್ನ ಮಟ್ಟಿಗೆ ಅವರು ಕನ್ನಡದ ಅರ್ಥದಲ್ಲೂ ತಾಯಿಯೇ ಆಗಿದ್ದರು.

ಮೊದಲ ವಾರದಲ್ಲೇ ತಾಯಿ ದೂರು ತಂದರು. “ನಿನ್ನ ಪ್ರೋಗ್ರಾಂ ಬೈಯುತ್ತದೆ.”

ಅವರು ಹೇಳಿದ್ದು ನಿಜವೇ. ಒಂದೇ ಖಾತೆ ಸಂಖ್ಯೆಯನ್ನು ಎರಡು ಸಲ ಹಾಕಿದರೆ ಆಕ್ಸೆಸ್ ಮೊಳದುದ್ದದ ಇಂಗ್ಲಿಷ್ ವಾಕ್ಯ ತೋರಿಸುತ್ತದೆ. ಇಂಡೆಕ್ಸ್, ಪ್ರೈಮರಿ ಕೀ, ರಿಲೇಶನ್‌ಶಿಪ್ ಅಂತೆಲ್ಲ ಅದರಲ್ಲಿ ಬರುತ್ತದೆ. ಆ ತಪ್ಪಿನ ಸಂಖ್ಯೆ 3022. ನನ್ನ ಮದುವೆಯ ತಾರೀಖಿಗಿಂತ ಅದು ನನಗೆ ಚೆನ್ನಾಗಿ ನೆನಪಿದೆ. ಏನನ್ನಾದರೂ ತುಂಬದೆ ಖಾಲಿ ಬಿಟ್ಟರೆ ‘ಇನ್‌ವ್ಯಾಲಿಡ್ ಯೂಸ್ ಆಫ್ ನಲ್’ ಎನ್ನುತ್ತದೆ. ಹಿಂದಿಯಲ್ಲಿ ನಲ್ ಅಂದರೆ ನಲ್ಲಿ. ಒಬ್ಬರು ಕೇಳಿದರು: “ನಲ್ಲಿಯನ್ನು ತಪ್ಪಾಗಿ ಬಳಸಿದ್ದೀರಿ ಅನ್ನುತ್ತದಲ್ಲ, ನಮ್ಮ ಚಾಳಿನಲ್ಲಿ ನೀರು ಬರುವುದೇ ಅರ್ಧ ಗಂಟೆ. ತಪ್ಪಾಗಿ ಬಳಸಲು ಪುರುಸೊತ್ತೆಲ್ಲಿದೆ?” ನಾಲ್ವರೂ ನಕ್ಕರು. ಗಮನಿಸಿ, ಮೊದಲ ಜೋಕು ಮಾಡಿದವರು ಅವರೇ, ನಾನಲ್ಲ. ಇದನ್ನು ನಾನು ಆಗಲೇ ಗಮನಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೊದಲು ಬೈಗುಳ ತೆಗೆದೆ. ಫಾರ್ಮಿನಲ್ಲಿ ತಪ್ಪು ಆದಾಗ ಆಕ್ಸೆಸ್ ತನ್ನ ಮಾತು ಹೇಳುವ ಮೊದಲೇ ಅದನ್ನು ತಡೆದು ನಮ್ಮ ಮಾತು ಹೇಳಿಸಬಹುದು, ನಾಲ್ಕು ಸಾಲಿನ ಕೆಲಸ. 3022 ಬಂದರೆ “ಈ ನಂಬರ್ ಆಗಲೇ ಇದೆ, ಯಾರದ್ದು ತೋರಿಸಲೇ?” ಎಂದು ಸರಳ ಹಿಂದಿಯಲ್ಲಿ ಕೇಳುವ ಹಾಗೆ ಮಾಡಿದೆ. ಪ್ರೋಗ್ರಾಂ ಬರೆಯುವ ಕಿಟಕಿಗೆ ದೇವನಾಗರಿ ಅಕ್ಷರ ಒಗ್ಗುತ್ತಿರಲಿಲ್ಲ, ಆದರೆ ಅದೇ ವಾಕ್ಯವನ್ನು ಟೇಬಲಿನಲ್ಲಿಟ್ಟು ಫಾರ್ಮಿನ ಮೇಲೆ ತೋರಿಸಿದರೆ ಸರಿಯಾಗಿ ಕಾಣುತ್ತಿತ್ತು. ಹಾಗಾಗಿ ಎಲ್ಲ ಮಾತುಗಳೂ ಒಂದು ಟೇಬಲಿನಲ್ಲಿ ಸೇರಿದವು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೆಚ್ಚುಗೆ ಬಂದರೆ ಕೈ ಸುಮ್ಮನಿರುತ್ತದೆಯೇ? ಬೆಳಿಗ್ಗೆ ಪ್ರೋಗ್ರಾಂ ತೆರೆದ ಕೂಡಲೇ ಇಪ್ಪತ್ತು ಜೋಕುಗಳಲ್ಲಿ ಒಂದು ಬರಲಿ ಎಂದುಕೊಂಡೆ. ‘ರ್‍ಯಾಂಡಮ್’ ಆಗಿ ಆರಿಸು ಎಂದು ಬರೆದೆ. ಆದರೆ ಆಕ್ಸೆಸ್‌ನಲ್ಲಿ ಅದಕ್ಕೆ ಮೊದಲು ‘ರ್‍ಯಾಂಡಮೈಜ್’ ಎಂಬ ಇನ್ನೊಂದು ಆಜ್ಞೆ ಕೊಡದಿದ್ದರೆ ಪ್ರತಿ ಸಲ ಅದೇ ಸರಣಿ ಬರುತ್ತದೆ. ನನಗದು ಗೊತ್ತಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಅದೇ ಜೋಕು! “ನಮ್ಮ ಮಾವನವರೂ ಹೀಗೆಯೇ, ಊಟಕ್ಕೆ ಕೂತರೆ ಅದೇ ಕಥೆ” ಎಂದರು ಒಬ್ಬರು.

ಆಮೇಲೆ ಚಹಾದ ಗಂಟೆ. ಸಂಜೆ ನಾಲ್ಕಕ್ಕೆ ಸರಿಯಾಗಿ “ಚಹಾ ತಣ್ಣಗಾಗುತ್ತಿದೆ, ಏಳಿ” ಎಂಬ ಪೆಟ್ಟಿಗೆ ಪರದೆಯ ನಡುವೆ ಎದ್ದು ನಿಲ್ಲುತ್ತಿತ್ತು. ಡೇಟಾ ಎಂಟ್ರಿ ಮಾಡುವವರು ಪರದೆ ನೋಡುವುದೇ ಇಲ್ಲ. ಕಣ್ಣು ಕಾಗದದ ಮೇಲೆ, ಬಲಗೈ ಅಂಕಿಗಳ ಮೇಲೆ. ಪೆಟ್ಟಿಗೆ ಎದ್ದಾಗ ಅವರು ಒತ್ತಿದ ಅಂಕಿಗಳು ಎಲ್ಲಿಗೂ ಸೇರಲಿಲ್ಲ. ಎಂಟರ್ ಒತ್ತಿದರೆ ಪೆಟ್ಟಿಗೆ ಮುಚ್ಚಿತು, ಮುಂದಿನ ಅಂಕಿ ಹಿಂದಿನದರ ಜಾಗಕ್ಕೆ ಹೋಗಿ ಕೂತಿತು. ತಿಂಗಳ ಕೊನೆಯಲ್ಲಿ ಲೆಕ್ಕ ತಾಳೆಯಾಗಲಿಲ್ಲ. ಕಾರಣ ಹುಡುಕಲು ಎರಡು ಸಂಜೆ ಹಿಡಿಯಿತು. ನಾನು ಎಬ್ಬಿಸಿದ ಚಹಾಕ್ಕೆ ಆ ಎರಡು ದಿನ ಅವರಿಗೆ ತಪ್ಪಿದ್ದು ಮನೆಗೆ ಹೋಗುವ ಲೋಕಲ್ ಟ್ರೈನ್. ಪೆಟ್ಟಿಗೆ ತೆಗೆದು, ಕೆಲಸಕ್ಕೆ ಅಡ್ಡ ಬಾರದ ಹಾಗೆ ಫಾರ್ಮಿನ ತಳದಲ್ಲಿ ಸಣ್ಣ ಅಕ್ಷರದಲ್ಲಿ ಬರುವಂತೆ ಮಾಡಿದೆ.

ಇವೆಲ್ಲ ನಕ್ಕು ಮರೆಯುವ ಮಾತುಗಳು. ಮರೆಯಲಾಗದ್ದು ಇನ್ನೊಂದು.

ಪ್ರಾವಿಡೆಂಟ್ ಫಂಡ್ ಖಾತೆ ಮುಗಿಸುವುದಕ್ಕೆ ಆಗ ಬೇರೆ ಬೇರೆ ಫಾರ್ಮುಗಳಿದ್ದವು. ನಿವೃತ್ತಿಯೋ ರಾಜೀನಾಮೆಯೋ ಆದರೆ ಫಾರ್ಮ್ 19. ಸದಸ್ಯರು ತೀರಿಕೊಂಡಿದ್ದರೆ ಮನೆಯವರು ತುಂಬಿ ಕೊಡುತ್ತಿದ್ದದ್ದು ಫಾರ್ಮ್ 20. ನನ್ನ ಪ್ರೋಗ್ರಾಮಿನಲ್ಲಿ ಎರಡಕ್ಕೂ ಇದ್ದದ್ದು ಒಂದೇ ಬಟನ್, ‘ಖಾತೆ ಮುಕ್ತಾಯ’. ನಿವೃತ್ತರಾಗುವವರು ಖುಷಿಪಡಲಿ ಎಂದು ಆ ಬಟನ್ ಒತ್ತಿದಾಗ ನಗುಮುಖದ ಚಿತ್ರದ ಜೊತೆ ಒಂದು ಸಾಲು ಬರುವಂತೆ ಮಾಡಿದ್ದೆ: “ಶುಭ ಪ್ರಯಾಣ! ದಾರಿಗೆ ಡಬ್ಬಿ ಕಟ್ಟಿಕೊಂಡಿರಾ?” ನಿವೃತ್ತರಾಗಿ ಬಂದವರಿಗೆ ತಾಯಿ ಮಾನಿಟರನ್ನು ತಿರುಗಿಸಿ ಅದನ್ನು ತೋರಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನನಗೆ ಹೆಮ್ಮೆ.

ಒಂದು ದಿನ ನಮ್ಮದೇ ಆಫೀಸಿನ ಡ್ರೈವರೊಬ್ಬರ ಹೆಂಡತಿ ಬಂದರು. ಅವರ ಗಂಡ ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ತಾಯಿ ಅವರನ್ನು ಕೂರಿಸಿ, ನೀರು ಕೊಟ್ಟು, ಫಾರ್ಮ್ 20 ತಾವೇ ತುಂಬಿದರು. ಹೆಸರು, ಬ್ಯಾಂಕ್ ಖಾತೆ ಸರಿಯಿದೆಯೇ ನೋಡಿಕೊಳ್ಳಲಿ ಎಂದು ಮಾನಿಟರ್ ಅತ್ತ ತಿರುಗಿಸಿದರು. ಬಟನ್ ಒತ್ತಿದರು. ನಾನು ಹಿಂದೆಯೇ ನಿಂತಿದ್ದೆ.

ಆಕೆ ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಆ ಸಾಲನ್ನು ಓದಿದರು. ಓದಿ ತಾಯಿಯ ಮುಖ ನೋಡಿದರು. “ಹೇ ಕಾಯ್, ತಾಯಿ?” ಇದೇನು ಎಂದು ಕೇಳಿದರು, ಅಷ್ಟೇ. ತಾಯಿ ಕೈ ಅಡ್ಡ ಇಟ್ಟು ಪರದೆ ಮುಚ್ಚಿದರು. ಏನೋ ಕಂಪ್ಯೂಟರಿನ ತಪ್ಪು ಎಂದು ಹೇಳಿದರು, ಕೈ ಮುಗಿದರು. ಆಕೆ ಸಹಿ ಹಾಕಿ ಹೋದರು.

ಆಮೇಲೆ ತಾಯಿ ನನಗೆ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಪ್ಯಾಂಟ್ರಿಯಲ್ಲಿ ಗೋಡೆಯ ಕಡೆ ತಿರುಗಿ ಅಳುತ್ತಿದ್ದರು. ನಾನು ಹೋಗಿ ನಿಂತಾಗ ಒಂದೇ ಮಾತು ಹೇಳಿದರು: “ಆ ಮಾತನ್ನು ನೀನು ನನ್ನ ಬಾಯಿಂದ ಹೇಳಿಸಿದೆ.”

ಅಕ್ಕ ತಂಗಿಯರೇ, ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ಆಫೀಸಿನ ಸಾಫ್ಟ್‌ವೇರ್ ಏನು ಹೇಳಿದರೂ ಅದು ಬರೆದವಳ ಬಾಯಿಂದ ಬರುವುದಿಲ್ಲ. ಕೌಂಟರಿನಲ್ಲಿ ಕೂತವಳ ಬಾಯಿಂದ ಬರುತ್ತದೆ. ಜೋಕು ನನ್ನದು, ಮುಖ ಅವರದ್ದು.

ನಾನೊಬ್ಬಳೇ ಹೀಗೆ ಎಡವಿದ್ದಲ್ಲ ಎಂದು ಆಮೇಲೆ ತಿಳಿಯಿತು. ಆಫೀಸ್ 97ರಲ್ಲಿ ಬಂದ, ಕಣ್ಣು ಮಿಟುಕಿಸುವ ಪೇಪರ್ ಕ್ಲಿಪ್ ನಿಮಗೆ ನೆನಪಿರಬಹುದು, ಕ್ಲಿಪ್ಪಿ. ಒಂದು ಕಾಗದ ಬರೆಯಲು ಕೂತರೆ ಸಾಕು, ನಡುವೆ ಬಂದು ಸಹಾಯ ಬೇಕೇ ಎಂದು ಕೇಳುತ್ತಿತ್ತು. 2001ರಲ್ಲಿ ಬಂದ ಆಫೀಸ್ ಎಕ್ಸ್‌ಪಿಯಲ್ಲಿ ಅದನ್ನು ಮೊದಲಿಂದಲೇ ಮಲಗಿಸಿದ್ದರು, ಆಫೀಸ್ 2007ರಲ್ಲಿ ಪೂರ್ತಿ ಕೈಬಿಟ್ಟರು. 2015ರ ‘ಕೋಡ್: ಡಿಬಗ್ಗಿಂಗ್ ದ ಜೆಂಡರ್ ಗ್ಯಾಪ್’ ಎಂಬ ಸಾಕ್ಷ್ಯಚಿತ್ರದಲ್ಲಿ, ಮೈಕ್ರೋಸಾಫ್ಟಿನಲ್ಲಿದ್ದ ರಾಜ್ ಹೋ ಎಂಬ ಮಹಿಳೆ ಇದರ ಹಿಂದಿನ ಕಥೆ ಹೇಳಿದ್ದಾರೆ. ಈ ಗೊಂಬೆಗಳನ್ನು ಮೊದಲು ಜನರಿಗೆ ತೋರಿಸಿ ಅಭಿಪ್ರಾಯ ಕೇಳಿದಾಗ, ಇವು ಗಂಡಸರ ಹಾಗಿವೆ, ನಮ್ಮನ್ನೇ ದಿಟ್ಟಿಸಿ ನೋಡುತ್ತವೆ ಎಂದು ಹೆಚ್ಚಿನ ಹೆಂಗಸರು ಹೇಳಿದ್ದರಂತೆ. ಆ ಮಾತಿಗೆ ಬೆಲೆ ಸಿಗಲಿಲ್ಲ. ಕೇಳುವುದು ಒಂದು, ಕೇಳಿಸಿಕೊಳ್ಳುವುದು ಇನ್ನೊಂದು. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

2016ರ ಏಪ್ರಿಲ್ 1ರಂದು ಗೂಗಲ್ ಕೂಡ ಇದೇ ಹಳ್ಳಕ್ಕೆ ಬಿತ್ತು. ಜಿಮೇಲಿನಲ್ಲಿ ಕಳುಹಿಸುವ ಬಟನ್ನಿನ ಪಕ್ಕದಲ್ಲೇ ‘ಮೈಕ್ ಡ್ರಾಪ್’ ಎಂಬ ಇನ್ನೊಂದು ಬಟನ್ ಇಟ್ಟರು. ಅದನ್ನು ಒತ್ತಿದರೆ ಪತ್ರದ ಜೊತೆ ಮೈಕ್ ಕೆಳಗೆ ಬಿಸಾಡುವ ಕಾರ್ಟೂನ್ ಹೋಗುತ್ತಿತ್ತು, ಆ ಪತ್ರಕ್ಕೆ ಬಂದ ಉತ್ತರ ಕಣ್ಣಿಗೆ ಬೀಳುತ್ತಿರಲಿಲ್ಲ. ಆಫೀಸಿನ ಗಂಭೀರ ಪತ್ರ ಬರೆದವರು ಅಭ್ಯಾಸಬಲದಿಂದ ಅದನ್ನೇ ಒತ್ತಿಬಿಟ್ಟರು. ದೂರುಗಳು ಬಂದು, ಅದೇ ದಿನ ಅದನ್ನು ಹಿಂದಕ್ಕೆ ತೆಗೆದುಕೊಂಡು ಕ್ಷಮೆ ಕೇಳಬೇಕಾಯಿತು. ಅಲ್ಲೂ ಆದದ್ದು ಅದೇ. ತಮಾಷೆ ಗೂಗಲಿನದ್ದು, ಕೆಳಗಿನ ಸಹಿ ಬೇರೆ ಯಾರದ್ದೋ.

ನಮ್ಮ ಕಥೆಗೆ ಮರಳುತ್ತೇನೆ. ಅಂದು ರಾತ್ರಿ ಎಂಟರವರೆಗೆ ಕೂತು ಎಲ್ಲ ಜೋಕುಗಳನ್ನೂ ಅಳಿಸಿದೆ. ಮರುದಿನ ಸಂಜೆ ನಾಲ್ಕು ದಾಟಿದರೂ ಚಹಾದ ಸಾಲು ಬರಲಿಲ್ಲ. ತಾಯಿಯೇ ನನ್ನನ್ನು ಕರೆದರು. “ಎಲ್ಲ ಯಾಕೆ ತೆಗೆದೆ? ಇಡೀ ದಿನ ಅಂಕಿ ಹೊಡೆಯುವವರು ನಾವು, ನಗು ಬೇಡವೆಂದು ಯಾರು ಹೇಳಿದರು? ಎಲ್ಲಿ ಬೇಕು ಎಂದು ನಮ್ಮನ್ನು ಕೇಳು.”

ಆಗ ಕೇಳಿದೆ. ಪ್ರೋಗ್ರಾಂ ಮಾತಾಡುವ ಪ್ರತಿಯೊಂದು ಜಾಗವನ್ನೂ ಒಂದು ಕಾಗದದಲ್ಲಿ ಬರೆದು ನಾಲ್ವರ ಮುಂದಿಟ್ಟೆ. ಅವರು ಪೆನ್ಸಿಲ್ ಹಿಡಿದು ಗುರುತು ಮಾಡಿದರು. ತಪ್ಪಾದಾಗ ಜೋಕು ಬೇಡ, ಏನು ತಪ್ಪಾಯಿತು, ಈಗ ಏನು ಮಾಡಬೇಕು ಅಷ್ಟು ಹೇಳಲಿ. ಏನನ್ನಾದರೂ ಅಳಿಸುವಾಗ ಬೇಡ. ಎದುರಿಗೆ ಹೊರಗಿನವರು ಕೂತಿರುವ ಯಾವ ಪರದೆಯಲ್ಲೂ ಬೇಡ. ಖಾತೆ ಮುಗಿಸುವಾಗ ‘ಆಯಿತು’ ಎಂಬ ಒಂದು ಪದ ಸಾಕು. ಎಲ್ಲಿ ಬೇಕು? ನೂರು ಫಾರ್ಮ್ ಮುಗಿದಾಗ ಬೇಕು. ಲೆಕ್ಕ ಪೈಸೆಗೆ ಪೈಸೆ ತಾಳೆಯಾದಾಗ ಬೇಕು. ಮಾರ್ಚ್ 31ರ ಕೆಲಸ ಮುಗಿದ ರಾತ್ರಿ ಬೇಕೇ ಬೇಕು. ಅಂದರೆ, ಕೆಲಸ ಚೆನ್ನಾಗಿ ಮುಗಿದಾಗ, ನಾವು ನಾವೇ ಇರುವಾಗ.

ಇನ್ನೊಂದು ಕೇಳಿದರು. ತೆರೆಯುವ ಪುಟದ ಮೂಲೆಯಲ್ಲಿ ‘ಇವತ್ತು ಬೇಡ’ ಎಂಬ ಸಣ್ಣ ಚೌಕ. ಅದಕ್ಕೆ ಗುರುತು ಹಾಕಿದರೆ ಆ ದಿನ ಪ್ರೋಗ್ರಾಂ ತೆಪ್ಪಗಿರಬೇಕು, ಯಾಕೆಂದು ಕೇಳಬಾರದು. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಮಗುವಿನ ರಿಸಲ್ಟು, ಅತ್ತೆಯ ಜೊತೆ ಮಾತಿಗೆ ಮಾತು. ಅಂಥ ದಿನ ಎಲ್ಲರಿಗೂ ಇರುತ್ತದೆ. ನಾನು ಬರೆದ ಎಲ್ಲ ಪ್ರೋಗ್ರಾಮುಗಳಲ್ಲೂ ಆಮೇಲೆ ಆ ಚೌಕ ಇದೆ.

ಜೋಕುಗಳನ್ನು ಬರೆಯುವ ಕೆಲಸವೂ ನನ್ನ ಕೈಬಿಟ್ಟಿತು. ಮಾತುಗಳೆಲ್ಲ ಟೇಬಲಿನಲ್ಲಿದ್ದವಲ್ಲ, ಅವರೇ ಸೇರಿಸತೊಡಗಿದರು. ಲೇಡೀಸ್ ಡಬ್ಬದ ನಾಲ್ಕನೇ ಸೀಟಿನ ಬಗ್ಗೆ, ಕುಕ್ಕರಿನ ಸೀಟಿಯ ಬಗ್ಗೆ, ನನ್ನ ಮರಾಠಿಯ ಬಗ್ಗೆ. ಕೊನೆಯದು ಒಂದಲ್ಲ, ಆರು ಇದ್ದವು! ನಾನು ಬರೆದ ಇಪ್ಪತ್ತಕ್ಕಿಂತ ಅವೆಲ್ಲ ಚೆನ್ನಾಗಿದ್ದವು. ನಮ್ಮ ಕನ್ನಡದಲ್ಲೇ ನೋಡಿ, ರಾಶಿಯವರ ‘ಕೊರವಂಜಿ’ಯಲ್ಲಿ ಬರೆಯುತ್ತಿದ್ದ ಟಿ. ಸುನಂದಮ್ಮನವರು ನಗು ಹುಡುಕಿಕೊಂಡು ಹೊರಗೆಲ್ಲೂ ಹೋಗಲಿಲ್ಲ, ಮನೆಯೊಳಗಿನ ದಿನದಿನದ ಸಂಗತಿಗಳಲ್ಲೇ ಅದನ್ನು ಕಂಡರು. ಆ ಮನೆಯಲ್ಲಿ ಬದುಕುವವರಿಗೆ ತಾನೇ ಗೊತ್ತು, ಎಲ್ಲಿ ನಗಬಹುದು, ಎಲ್ಲಿ ಕೂಡದು ಎಂದು.

ನಿಮ್ಮಲ್ಲಿ ಹಲವರ ಮಕ್ಕಳು, ಸೊಸೆಯಂದಿರು ಪುಣೆ, ಬೆಂಗಳೂರು, ಹೈದರಾಬಾದುಗಳಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದಾರೆ. ಅವರಿಗೆ ನನ್ನ ಮಾತು ಹೇಳಿ. ನಗಿಸಿ, ಖಂಡಿತ ನಗಿಸಿ, ಆಫೀಸಿನ ಕೆಲಸ ಸಾಕಷ್ಟು ಒಣಗಿದೆ. ಆದರೆ ಆ ಸಾಲನ್ನು ಟೈಪ್ ಮಾಡುವ ಮೊದಲು ಕೌಂಟರಿನಲ್ಲಿ ಕೂತವಳ ಪಕ್ಕದಲ್ಲಿ ಒಂದು ದಿನ ಕೂತು ನೋಡಿ. ಎದುರಿನ ಕುರ್ಚಿಯಲ್ಲಿ ಯಾರೆಲ್ಲ ಬಂದು ಕೂರುತ್ತಾರೆ ಎಂದೂ ನೋಡಿ.

ಕಾರ್ಯದರ್ಶಿಯವರು ಗಡಿಯಾರ ನೋಡುತ್ತಿದ್ದಾರೆ, ಹೊರಗೆ ಚಹಾ ಬೇರೆ ತಣ್ಣಗಾಗುತ್ತಿದೆ. ಈ ಸಲ ಪೆಟ್ಟಿಗೆ ಎಬ್ಬಿಸುವುದಿಲ್ಲ, ನಾನೇ ಹೇಳುತ್ತಿದ್ದೇನೆ. ಏಳೋಣ.