ಬಿಲ್ ಬರುವ ಮೊದಲೇ ಬಿಲ್ ಬರೆಯುವುದು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಈ ಶಾಲೆಯ ಮೂರನೆಯ ತಂಡದವನು. ಕೆ.ಇ.ಬಿ. ಎಂದು ಜನ ಕರೆಯುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, ಅದು ಒಡೆದು ಬೇರೆ ಬೇರೆ ಕಂಪನಿಗಳಾದ ಮೇಲೆ ನಿವೃತ್ತನಾದವನು. ಹಾಗಾಗಿ ಸಂಘಟಕರು ನನಗೆ "ಮನೆಯ ಕರೆಂಟ್ ಖರ್ಚು ಅಂದಾಜು ಮಾಡುವುದು ಹೇಗೆ" ಎಂಬ ವಿಷಯ ಕೊಟ್ಟಿದ್ದಾರೆ. ನಮಗೆ ವಿಜ್ಞಾನದ ಮೇಷ್ಟ್ರು ಯೂನಿಟ್ ಎಂದರೇನು ಎಂದು ಪಾಠ ಮಾಡಿದಾಗ ಶಾಲೆಗೆ ಕರೆಂಟೇ ಬಂದಿರಲಿಲ್ಲ. ಆದರೂ ಅವರು ಬೋರ್ಡಿನ ಮೇಲೆ ಬರೆದ ಒಂದು ಸಾಲು ನನಗೆ ಸರ್ವಿಸ್ ಪೂರ್ತಿ ಸಾಕಾಯಿತು: ವ್ಯಾಟನ್ನು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸು, ಯೂನಿಟ್ ಬರುತ್ತದೆ.

ಲೆಕ್ಕ ಇಷ್ಟೇ. ಅದನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಹೆದರುತ್ತಾರೆ. ಹೆದರಿಕೆಯಲ್ಲಿ ಆರಿಸಬೇಕಾದ್ದನ್ನು ಬಿಟ್ಟು ಬೇರೆ ಏನನ್ನೋ ಆರಿಸುತ್ತಾರೆ.

ನಮ್ಮ ಬೀದಿಯಲ್ಲೇ ಒಬ್ಬಂಟಿಯಾಗಿರುವ ಒಬ್ಬ ಅಜ್ಜಿ ಇದ್ದಾರೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಬಿಲ್ ಬಂದೀತೆಂದು ಸಂಜೆ ಏಳಕ್ಕೆ ಮನೆಯ ದೀಪ ಆರಿಸಿ ಕತ್ತಲಲ್ಲಿ ಕೂರುತ್ತಿದ್ದರು. ಬೇಸಿಗೆಯಲ್ಲೂ ಫ್ಯಾನ್ ಹಾಕುತ್ತಿರಲಿಲ್ಲ. ಹೋದ ವರ್ಷ ರಾತ್ರಿ ಬಚ್ಚಲಿಗೆ ಹೋಗುವಾಗ ಕತ್ತಲಲ್ಲಿ ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಗೆ ಆದ ಖರ್ಚು ನಿಮಗೆಲ್ಲ ಊಹೆಗೆ ಬರುತ್ತದೆ. ಆ ಬಚ್ಚಲಿನ ಬಲ್ಬು ಒಂಬತ್ತು ವ್ಯಾಟಿನ ಎಲ್‌ಇಡಿ. ರಾತ್ರಿ ಹತ್ತು ಗಂಟೆ ಕಾಲ ಉರಿದರೂ ತಿಂಗಳಿಗೆ 2.7 ಯೂನಿಟ್. ಫ್ಯಾನ್ 75 ವ್ಯಾಟ್. ರಾತ್ರಿ ಎಂಟು ಗಂಟೆ ತಿರುಗಿದರೆ ದಿನಕ್ಕೆ 0.6, ತಿಂಗಳಿಗೆ 18 ಯೂನಿಟ್. ಎರಡೂ ಸೇರಿ ಇಪ್ಪತ್ತೊಂದು ಎಂದಿಟ್ಟುಕೊಳ್ಳಿ.

ಈಗ ಅದರ ಬೆಲೆ ನೋಡೋಣ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇಕಡಾ 10 ಸೇರಿಸಿದಷ್ಟು ನಿಮ್ಮ ಪಾಲು. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಆಮೇಲೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸಿ ಕೊಟ್ಟರು. ಪಾಲು ಮೀರಿ 200ರ ಒಳಗೆ ಇದ್ದರೆ ಮೀರಿದ್ದಕ್ಕೆ ಮಾತ್ರ ದುಡ್ಡು. 200 ದಾಟಿದಿರೋ, ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್ ನಿಮ್ಮದು.

ಅಜ್ಜಿಯ ಸರಾಸರಿ 22 ಇತ್ತು, ಪಾಲು 32. ಬಚ್ಚಲ ದೀಪ, ರಾತ್ರಿಯ ಫ್ಯಾನ್ ಸೇರಿದರೆ 43. ಹೆಚ್ಚಾದದ್ದು 11 ಯೂನಿಟ್. 2025-26ರ ದರದಲ್ಲಿ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಶೇಕಡಾ 9 ತೆರಿಗೆ, ನೌಕರರ ಪಿಂಚಣಿಯ ಬಾಬ್ತು ಯೂನಿಟ್‌ಗೆ 36 ಪೈಸೆ. ಎಲ್ಲ ಸೇರಿ ಸುಮಾರು ಎಪ್ಪತ್ತೈದು ರೂಪಾಯಿ. (ನನಗೂ ಆ ಪಿಂಚಣಿ ಬರುತ್ತದೆ, ಆದ್ದರಿಂದ ಆ 36 ಪೈಸೆಯ ಬಗ್ಗೆ ನಾನು ಹೆಚ್ಚು ಮಾತಾಡುವುದು ಚೆನ್ನಾಗಿರುವುದಿಲ್ಲ.) ತಿಂಗಳಿಗೆ ಎಪ್ಪತ್ತೈದು ರೂಪಾಯಿಗೆ ಬೆಳಕೂ ಗಾಳಿಯೂ ಸಿಗುತ್ತದೆ ಎಂದು ಮಗನಿಗೆ ಫೋನಿನಲ್ಲಿ ಹೇಳಿದೆ. ಈಗ ಅವನೇ ತಿಂಗಳು ತಿಂಗಳು ಕಟ್ಟುತ್ತಾನೆ. ಅಜ್ಜಿ ಊರುಗೋಲು ಹಿಡಿದು ಓಡಾಡುತ್ತಾರೆ.

ಹಾಗಾದರೆ ಕರೆಂಟನ್ನು ನಿಜವಾಗಿ ತಿನ್ನುವುದು ಯಾವುದು? ನೀರು ಕಾಯಿಸುವುದು. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ 1500 ವ್ಯಾಟಿನದು. ಇಪ್ಪತ್ತು ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಅದಕ್ಕೆ ಇಪ್ಪತ್ತನಾಲ್ಕು ನಿಮಿಷ ಬೇಕು, ಅಂದರೆ 0.6 ಯೂನಿಟ್. ಅಜ್ಜಿ ಇಡೀ ರಾತ್ರಿ ಫ್ಯಾನ್ ಹಾಕಿಕೊಂಡಷ್ಟು! ಮನೆಯಲ್ಲಿ ನಾಲ್ಕು ಜನ, ನಾಲ್ಕು ಬಕೆಟ್ ಎಂದರೆ ದಿನಕ್ಕೆ 2.4, ತಿಂಗಳಿಗೆ 72 ಯೂನಿಟ್. ಗೀಸರ್ ಇದ್ದರೂ ನೀರಿನ ಲೆಕ್ಕ ಇದೇ. ಹಂಡೆ ಒಲೆ ಕಿತ್ತು ಹಾಕಿದವರು ಈ 72ನ್ನು ನೆನಪಿಟ್ಟುಕೊಳ್ಳಬೇಕು. ಹೊಗೆ ಕುಡಿದ ಹೆಂಗಸರ ಕಷ್ಟ ನನಗೆ ಗೊತ್ತು, ಒಲೆಗೇ ಹಿಂತಿರುಗಿ ಎಂದು ನಾನು ಹೇಳುತ್ತಿಲ್ಲ. ಸೋಲಾರ್ ಹಾಕಿಸಲು ಶಕ್ತಿ ಇದ್ದವರು ಹಾಕಿಸಲಿ.

ಬಾವಿಯ ಮೋಟರು ಒಂದು ಎಚ್‌ಪಿಯದಾದರೆ 746 ವ್ಯಾಟ್ ಎಂದು ಮಕ್ಕಳು ಓದಿರುತ್ತಾರೆ. ಅದು ಮೋಟರು ಹೊರಗೆ ಕೊಡುವ ಶಕ್ತಿ. ಒಳಗೆ ಎಳೆಯುವುದು ಒಂದು ಕಿಲೋವ್ಯಾಟ್ ಆಸುಪಾಸು. ದಿನಕ್ಕೆ ಅರ್ಧ ಗಂಟೆ ಓಡಿದರೆ ತಿಂಗಳಿಗೆ ಹದಿನೈದು ಯೂನಿಟ್. ಮಿಕ್ಸಿಯ ಸದ್ದು ದೊಡ್ಡದು, ಖರ್ಚು ಸಣ್ಣದು: 750 ವ್ಯಾಟಿನದು ದಿನಾ ಹತ್ತು ನಿಮಿಷ ಓಡಿದರೂ ನಾಲ್ಕು ಯೂನಿಟ್ ಆಗುವುದಿಲ್ಲ. ಸದ್ದೇ ಮಾಡದ ಸೆಟ್ ಟಾಪ್ ಬಾಕ್ಸ್ ಹತ್ತು ವ್ಯಾಟಿನದಾದರೆ, ಹಗಲೂ ರಾತ್ರಿ ಹಾಗೇ ಇದ್ದು ಏಳು ಯೂನಿಟ್ ತಿನ್ನುತ್ತದೆ. ಫ್ರಿಜ್ಜಿಗೆ ಮಾತ್ರ ಈ ಗುಣಾಕಾರ ನಡೆಯುವುದಿಲ್ಲ, ಏಕೆಂದರೆ ಅದರ ಕಂಪ್ರೆಸರ್ ಓಡಿ ನಿಂತು ಮತ್ತೆ ಓಡುತ್ತದೆ. ಅದರ ನಕ್ಷತ್ರಗಳ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅಚ್ಚಾಗಿರುತ್ತದೆ, ಹನ್ನೆರಡರಿಂದ ಭಾಗಿಸಿ. ಆ ಚೀಟಿಯನ್ನು ಅಂದ ಕೆಡುತ್ತದೆಂದು ಕಿತ್ತು ಬಿಸಾಡಬೇಡಿ.

ಯಂತ್ರದ ಮೇಲೆ ವ್ಯಾಟ್ ಅಳಿಸಿ ಹೋಗಿದ್ದರೆ ಮೀಟರನ್ನೇ ಕೇಳಿ. ಮೀಟರಿನಲ್ಲಿ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು ಅಲ್ಲೇ ಬರೆದಿರುತ್ತದೆ. 3200 ಎಂದು ಇದೆ ಎನ್ನೋಣ. ಮನೆಯದೆಲ್ಲ ಆರಿಸಿ, ಫ್ಯಾನ್ ಒಂದನ್ನೇ ಹಾಕಿ ಒಂದು ನಿಮಿಷ ಎಣಿಸಿ. ನಾಲ್ಕು ಸಲ ಮಿಣುಕಿದರೆ 75 ವ್ಯಾಟ್. ಕಾಯಿಲ್ ಹಾಕಿ ಎಣಿಸಲು ಹೋದರೆ ಎಂಬತ್ತು, ಎಣಿಕೆ ತಪ್ಪುತ್ತದೆ. ಎಲ್ಲ ಆರಿಸಿದ ಮೇಲೂ ಮಿಣುಕುತ್ತಿದ್ದರೆ ಮೇನ್ ಸ್ವಿಚ್ ತೆಗೆಯಿರಿ. ಆಗ ನಿಂತರೆ ನಿಮ್ಮ ವೈರಿಂಗಿನಲ್ಲಿ ಸೋರಿಕೆ ಇರಬಹುದು. ಮಳೆಗಾಲದಲ್ಲಿ ಒದ್ದೆ ಗೋಡೆ ಮುಟ್ಟುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಆಗಲೂ ನಿಲ್ಲದಿದ್ದರೆ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಿ.

ಇನ್ನು ತಿಂಗಳ ನಡುವೆ ಮಾಡುವ ಲೆಕ್ಕ. ನನ್ನ ತಮ್ಮನ ಮನೆಯದನ್ನೇ ಹೇಳುತ್ತೇನೆ. ಅವನ ಪಾಲು 130 ಯೂನಿಟ್. ಏಪ್ರಿಲ್‌ನಲ್ಲಿ ರಜೆಗೆ ಮಕ್ಕಳು ಮೊಮ್ಮಕ್ಕಳು ಬಂದಿದ್ದರು. ರೀಡಿಂಗ್ ಆದ ಇಪ್ಪತ್ತನೆಯ ದಿನ ಮೀಟರ್ ನೋಡಿ, ಬಿಲ್ಲಿನಲ್ಲಿದ್ದ ಹಿಂದಿನ ರೀಡಿಂಗ್ ಕಳೆದರೆ 139. ಇಪ್ಪತ್ತರಿಂದ ಭಾಗಿಸಿ ಮೂವತ್ತರಿಂದ ಗುಣಿಸಿದರೆ 208! ಎರಡು ಕಿಲೋವ್ಯಾಟ್ ಮಂಜೂರಾತಿ, ಕಿಲೋವ್ಯಾಟಿಗೆ 145ರಂತೆ ನಿಗದಿತ ಶುಲ್ಕ, ತೆರಿಗೆ ಎಲ್ಲ ಹಿಡಿದರೆ 1,680 ರೂಪಾಯಿಯ ಹತ್ತಿರ. ಮನೆಯವರು ಫ್ಯಾನ್, ಟಿ.ವಿ. ಬಂದ್ ಎಂದು ಮಕ್ಕಳ ಮೇಲೆ ರೇಗತೊಡಗಿದರು. ಕಾಯಿಲ್ ಒಂದನ್ನು ಹತ್ತು ದಿನ ನಿಲ್ಲಿಸಿ ಎಂದೆ. ಬೇಸಿಗೆ, ತೋಟದಲ್ಲಿ ತೆಂಗಿನ ಗರಿ ಬಿದ್ದಿತ್ತು, ಹಂಡೆ ಮೂಲೆಯಲ್ಲಿತ್ತು. ದಿನಕ್ಕೆ 2.4ರಂತೆ 24 ಯೂನಿಟ್ ಉಳಿದು 185ಕ್ಕೆ ತಿಂಗಳು ಮುಗಿಯಿತು. ಪಾಲಿನ ಮೇಲಿನ 55 ಯೂನಿಟ್‌ಗೆ ಕಟ್ಟಿದ್ದು ಸುಮಾರು 370. ಮೊಮ್ಮಕ್ಕಳು ಟಿ.ವಿ.ಯಲ್ಲಿ ಒಂದು ಮ್ಯಾಚೂ ತಪ್ಪಿಸಿಕೊಳ್ಳಲಿಲ್ಲ.

ದರ ವರ್ಷ ವರ್ಷ ಬದಲಾಗುತ್ತದೆ, ಇಂಧನದ ಹೊಂದಾಣಿಕೆ ಶುಲ್ಕ ಹೆಚ್ಚುಕಡಿಮೆ ಆಗುತ್ತದೆ. ಆದ್ದರಿಂದ ನಾನು ಹೇಳಿದ ರೂಪಾಯಿಯನ್ನು ಬಿಟ್ಟು ನಿಮ್ಮ ಕೈಯಲ್ಲಿರುವ ಬಿಲ್ಲಿನ ದರವನ್ನೇ ಹಿಡಿಯಿರಿ. ಯೂನಿಟ್ ಲೆಕ್ಕ ಮಾತ್ರ ಬದಲಾಗುವುದಿಲ್ಲ.

ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಡಬೇಕೆಂದು ವಿಜ್ಞಾನ ಶಿಕ್ಷಕಿಯವರನ್ನು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಪ್ರತಿ ಭಾನುವಾರ ಸ್ವಂತ ಮನೆಯದಲ್ಲದೆ, ಹಿರಿಯರು ಒಬ್ಬರೇ ಇರುವ ಪಕ್ಕದ ಒಂದು ಮನೆಯ ರೀಡಿಂಗನ್ನೂ ಬರೆದು ತರಬೇಕು. ಮೀಟರ್ ಓದಲು ಬಾರದ ದೊಡ್ಡವರು ಊಟವಾದ ಮೇಲೆ ವಿಜ್ಞಾನದ ಕೊಠಡಿಗೆ ಬನ್ನಿ, ಅಲ್ಲಿ ಒಂದು ಹಳೆಯ ಮೀಟರ್ ಇಟ್ಟಿದ್ದೇನೆ. ಬಿಲ್ ಜೇಬಿನಲ್ಲಿದ್ದರೆ ಅದನ್ನೂ ತನ್ನಿ, ಕೂತು ನೋಡೋಣ.